ಗೋಡೆ ನೆಟ್ಟಗಿತ್ತು, ಕಣ್ಣಿಗೆ ವಾಲಿತ್ತು: ದಾವಣಗೆರೆಯ ಒಂದು ಪ್ರಕರಣ

"ಗೋಡೆ ಬಲಕ್ಕೆ ವಾಲ್ದಂಗೆ ಕಾಣ್ತೈತ್ರಿ ಸಾರ್. ಗುಂಡು ಬಿಟ್ಟು ನೋಡಿದ್ರೆ ಸರಿ ಐತಿ."

ಇಷ್ಟೇ ದೂರು. ಗುಂಡು ಅಂದರೆ ಗೋಡೆ ನೆಟ್ಟಗಿದೆಯೇ ಅಂತ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಕ. ಹೇಳಿದವರು ದಾವಣಗೆರೆಯ ಒಬ್ಬ ಗಾರೆ ಮೇಸ್ತ್ರಿ. ವಯಸ್ಸು ನಲವತ್ತು ದಾಟಿದೆ. ಹುಡುಗರಿದ್ದಾಗಿನಿಂದ ಇದೇ ಕೆಲಸ. ಗೋಡೆ ನೆಟ್ಟಗಿದೆಯೋ ಇಲ್ಲವೋ ಅನ್ನುವುದರ ಮೇಲೆಯೇ ಅವರ ಅನ್ನ ನಿಂತಿದೆ. ಅಂಥವರು ಗೋಡೆ ವಾಲಿದಂತೆ ಕಾಣುತ್ತದೆ ಅಂದಾಗ, ಆ ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ ಅಂತ ನಾನು ನಂಬುತ್ತೇನೆ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ತಲೆಸುತ್ತು ಅಂತ ಬರುವವರನ್ನು ಕಿವಿ ಮೂಗು ಗಂಟಲು ವಿಭಾಗದ ಸಹೋದ್ಯೋಗಿಗಳ ಜೊತೆ ಕೂತು ನೋಡುತ್ತೇನೆ. ಮೇಸ್ತ್ರಿಯವರು ಬರೆಯಲು ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ನಡೆದದ್ದು ಹೀಗೆ

ಒಂದು ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಕೋಣೆ ಗಿರಗಿರ ತಿರುಗಿತು. ವಾಂತಿ ನಿಲ್ಲಲಿಲ್ಲ. ನಿಂತರೆ ಎಡಕ್ಕೆ ಬೀಳುತ್ತಿದ್ದರು. ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಮಾತು ತೊದಲಲಿಲ್ಲ, ಕೈಕಾಲಿನ ಶಕ್ತಿ ಹೋಗಲಿಲ್ಲ. ಮನೆಯವರು ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದರು. ಗ್ಲೂಕೋಸ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಮೂರ್ನಾಲ್ಕು ದಿನಕ್ಕೆ ತಿರುಗುವುದು ಇಳಿಯಿತು. ಓಡಾಡಲು ಶುರು ಮಾಡಿದರು.

ಆಮೇಲಿನ ಓಡಾಟ ಬೇರೆ ಥರದ್ದು. ಒಬ್ಬರು ಗ್ಯಾಸ್ ಅಂದರು. ಇನ್ನೊಬ್ಬರು ಕತ್ತಿನ ಮೂಳೆ ಸವೆದಿದೆ ಅಂತ ಪಟ್ಟಿ ಹಾಕಿಸಿದರು. ಮತ್ತೊಂದು ಕಡೆ ಕನ್ನಡಕದ ನಂಬರ್ ಬದಲಾಯಿತು. ತಲೆಸುತ್ತಿನ ಮಾತ್ರೆ ಮಾತ್ರ ಎಲ್ಲ ಚೀಟಿಯಲ್ಲೂ ಮುಂದುವರಿಯಿತು. ಮನೆಯಲ್ಲಿ ಪಿತ್ತ ಅಂತ ಜೀರಿಗೆ ಕಷಾಯವೂ ನಡೆಯಿತು.

ಸುಮಾರು ಒಂದು ತಿಂಗಳಿಗೆ ಕೆಲಸಕ್ಕೆ ಹೋದರು. ತಾರಸಿಯ ಮೇಲೆ ಪ್ಯಾರಾಪೆಟ್ ಗೋಡೆ ಏರಿಸುವುದಿತ್ತು. ಮೂಲೆಯಲ್ಲಿ ನಾಲ್ಕು ವರಸೆ ಇಟ್ಟಿಗೆಯನ್ನು ಕಣ್ಣಳತೆಯಲ್ಲೇ ಇಟ್ಟರು. ಅವರ ಕೈಗೆ ಅದು ಸಲೀಸು. ಜೊತೆಗಿದ್ದ ಹುಡುಗ ಗುಂಡು ಬಿಟ್ಟು ನೋಡಿದ. ಮೇಸ್ತ್ರಿ ನಿಂತ ಕಡೆಯಿಂದ ನೋಡಿದರೆ ಮೂಲೆ ಎಡಕ್ಕೆ ಹೆಚ್ಚುಕಡಿಮೆ ಒಂದು ಇಂಚು ವಾಲಿತ್ತು. ಕೆಡವಿ, ಗುಂಡಿಗೆ ಸರಿಯಾಗಿ ಮತ್ತೆ ಕಟ್ಟಿದರು. ಈಗ ಗೋಡೆ ಸರಿಯಿತ್ತು. ಅವರ ಕಣ್ಣಿಗೆ ಮಾತ್ರ ಬಲಕ್ಕೆ ವಾಲಿದಂತೆ ಕಾಣುತ್ತಿತ್ತು.

ಆ ಒಂದು ಇಂಚನ್ನು ಲೆಕ್ಕಕ್ಕೆ ತನ್ನಿ. ನಾಲ್ಕು ವರಸೆ ಇಟ್ಟಿಗೆ, ಗಾರೆ ಸೇರಿ ಸುಮಾರು 35 ಸೆಂಟಿಮೀಟರ್ ಎತ್ತರ. ಅಷ್ಟು ಎತ್ತರಕ್ಕೆ ಒಂದು ಇಂಚು ಸರಿದಿದೆ ಅಂದರೆ 4 ಡಿಗ್ರಿ ಓರೆ. ಪರೀಕ್ಷೆಗೆ ಬರುವ ಮೊದಲೇ ಮೇಸ್ತ್ರಿಯವರು ತಮ್ಮ ಕಾಯಿಲೆಯನ್ನು ಇಟ್ಟಿಗೆಯಲ್ಲಿ ಅಳೆದುಕೊಂಡು ಬಂದಿದ್ದರು.

ಪರೀಕ್ಷೆಯಲ್ಲಿ ಕಂಡದ್ದು

ಕಣ್ಣಿನ ದೃಷ್ಟಿ ಸರಿಯಿತ್ತು. ಕಿವಿಯ ಕೇಳುವ ಶಕ್ತಿಯೂ ಸರಿಯಿತ್ತು. ಮಿದುಳಿನ ಪಾರ್ಶ್ವವಾಯುವಿನ ಗುರುತು ಏನೂ ಇರಲಿಲ್ಲ. ಅಸಲು ವಿಷಯ ಬಂದದ್ದು ತಲೆ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ. ಸಿಡ್ನಿಯ ಹಾಲ್ಮಾಗಿ ಮತ್ತು ಕರ್ಟಾಯ್ಸ್ ಇದನ್ನು 1988ರಲ್ಲಿ ವಿವರಿಸಿದರು. ಯಾವ ಯಂತ್ರವೂ ಬೇಡ. ರೋಗಿ ನನ್ನ ಮೂಗನ್ನೇ ನೋಡುತ್ತಿರಬೇಕು. ನಾನು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಚಕ್ಕನೆ, ಆದರೆ ಸ್ವಲ್ಪವೇ, ಒಂದು ಕಡೆಗೆ ತಿರುಗಿಸಬೇಕು. ಆರೋಗ್ಯವಂತರ ಕಣ್ಣು ನನ್ನ ಮೂಗಿನ ಮೇಲೇ ನಿಂತಿರುತ್ತದೆ. ಒಳಕಿವಿಯಿಂದ ಹೊರಟ ಸುದ್ದಿ ಕಣ್ಣಿನ ಸ್ನಾಯುವನ್ನು ಒಂದು ಸೆಕೆಂಡಿನ ನೂರನೇ ಒಂದು ಪಾಲಿನೊಳಗೇ ಮುಟ್ಟುವುದರಿಂದ ಇದು ಸಾಧ್ಯ. ಮೇಸ್ತ್ರಿಯವರ ತಲೆಯನ್ನು ಬಲಕ್ಕೆ ತಿರುಗಿಸಿದಾಗ ಕಣ್ಣು ನಿಂತಿತು. ಎಡಕ್ಕೆ ತಿರುಗಿಸಿದಾಗ ತಲೆಯ ಜೊತೆಗೇ ಹೋಯಿತು, ಆಮೇಲೆ ಜಿಗಿದು ವಾಪಸ್ ಬಂತು. ಎಡ ಒಳಕಿವಿಯಿಂದ ಸುದ್ದಿ ಬರುತ್ತಿಲ್ಲ ಅಂತ ಅರ್ಥ.

ಮೊದಲ ದಿನದ ಕಥೆಯನ್ನೂ ಇದನ್ನೂ ಸೇರಿಸಿದರೆ ಕಾಯಿಲೆ ಸ್ಪಷ್ಟ. ಎಡಗಡೆಯ ಸಮತೋಲದ ನರ ಊದಿಕೊಂಡು ಕೆಲಸ ನಿಲ್ಲಿಸಿದೆ. ಇದನ್ನು ವೆಸ್ಟಿಬ್ಯುಲರ್ ನ್ಯೂರೈಟಿಸ್ ಅನ್ನುತ್ತಾರೆ. ಗ್ಯಾಸ್ ಅಲ್ಲ, ಕತ್ತಲ್ಲ, ಕನ್ನಡಕವೂ ಅಲ್ಲ.

ಆಮೇಲೆ ಬಕೆಟ್ ತಂದೆವು. 2009ರಲ್ಲಿ ಜರ್ಮನಿಯ ಮ್ಯೂನಿಕ್‌ನ ವೈದ್ಯರ ತಂಡ ಪ್ರಕಟಿಸಿದ ಉಪಾಯ ಇದು. ನನಗೆ ಬಹಳ ಇಷ್ಟ, ಯಾಕೆಂದರೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಬೇಕಾದರೂ ಮಾಡಬಹುದು. ಒಂದು ಸಾದಾ ಪ್ಲಾಸ್ಟಿಕ್ ಬಕೆಟ್. ಒಳಗೆ ತಳದ ನಡುವೆ ಒಂದು ನೇರ ಗೆರೆ. ಹೊರಗಡೆ ತಳಕ್ಕೆ, ಗೆರೆಗೆ ಸರಿಯಾಗಿ ಸೊನ್ನೆ ಬರುವ ಹಾಗೆ, ಶಾಲೆ ಮಕ್ಕಳ ಕೋನಮಾಪಕ ಅಂಟಿಸಬೇಕು. ಅದರ ನಡುವಿನಿಂದ ಒಂದು ದಾರ, ದಾರದ ತುದಿಗೆ ಪುಟ್ಟ ತೂಕ. ಬಕೆಟ್ಟನ್ನು ಅಡ್ಡ ಹಿಡಿದರೆ ರೋಗಿ ಅದರ ಬಾಯಿಗೆ ಮುಖ ಕೊಟ್ಟು ಕೂರುತ್ತಾರೆ. ಸುತ್ತಲಿನ ಬಾಗಿಲು, ಕಿಟಕಿ, ನೆಲ ಏನೂ ಕಾಣುವುದಿಲ್ಲ. ಕಾಣುವುದು ಗೆರೆ ಒಂದೇ. ನಾವು ಬಕೆಟ್ಟನ್ನು ಎಡಕ್ಕೋ ಬಲಕ್ಕೋ ಓರೆ ಮಾಡಿ ನಿಧಾನವಾಗಿ ತಿರುಗಿಸುತ್ತಾ ಬರುತ್ತೇವೆ. ಗೆರೆ ನೆಟ್ಟಗಾಯಿತು ಅನಿಸಿದಾಗ ಅವರು ನಿಲ್ಲಿಸಲು ಹೇಳಬೇಕು. ದಾರ ಎಷ್ಟು ಡಿಗ್ರಿ ತೋರಿಸುತ್ತದೆ ಅಂತ ಓದಿಕೊಳ್ಳುತ್ತೇವೆ. ಇದನ್ನು ಹತ್ತು ಸಲ ಮಾಡಿ ಸರಾಸರಿ ತೆಗೆಯಬೇಕು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಎರಡು ಎರಡೂವರೆ ಡಿಗ್ರಿಯೊಳಗೇ ಬರುತ್ತದೆ.

ಮೇಸ್ತ್ರಿಯವರು ಮುಖ ಇಡುವ ಮೊದಲು ಬಕೆಟ್ಟನ್ನು ತಿರುಗಿಸಿ ನೋಡಿದರು. ದಾರ ಹಿಡಿದು ಬಿಟ್ಟರು. ತೂಕ ಅಲುಗಾಡಿ ನಿಲ್ಲುವವರೆಗೆ ಕಾದರು. ದಾರ ಬಕೆಟ್ಟಿನ ಅಂಚಿಗೆ ತಾಗುತ್ತಿತ್ತು. ಅದನ್ನು ತೋರಿಸಿ, ಒಂದು ಬೆಂಕಿಕಡ್ಡಿ ಕೊಟ್ಟು ಎತ್ತರಿಸಿ ಅಂದರು. ಹಾಗೇ ಮಾಡಿದೆವು. ಅಳತೆ ಮಾಡುವವರನ್ನೇ ಅಳೆದು ನೋಡುವ ಆ ಕೈಯನ್ನು ನೋಡಿ, ಈ ಮನುಷ್ಯನ ಮಾತನ್ನು ಇಷ್ಟು ದಿನ ಯಾರೂ ಯಾಕೆ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಅಂತ ನನಗೆ ನೋವಾಯಿತು. ಅವರ ಸರಾಸರಿ: ಎಡಕ್ಕೆ 4 ಡಿಗ್ರಿಗಿಂತ ಚೂರು ಜಾಸ್ತಿ. ಇಟ್ಟಿಗೆ ಹೇಳಿದ್ದನ್ನೇ ಬಕೆಟ್ಟೂ ಹೇಳಿತು.

ಕಿವಿ ಕೆಟ್ಟರೆ ಕಣ್ಣಿಗೇಕೆ ಓರೆ?

ಒಳಕಿವಿಯಲ್ಲಿ ಕೇಳುವ ಭಾಗದ ಪಕ್ಕದಲ್ಲೇ ಸಮತೋಲದ ಭಾಗ ಇದೆ. ಮೂರು ಅರ್ಧವೃತ್ತದ ನಾಳಗಳು ತಲೆ ತಿರುಗುವುದನ್ನು ಹಿಡಿಯುತ್ತವೆ. ಎರಡು ಪುಟ್ಟ ಚೀಲಗಳು ತಲೆ ಎತ್ತ ವಾಲಿದೆ ಅಂತ ಹಿಡಿಯುತ್ತವೆ. ಈ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿವೆ. ತಲೆ ವಾಲಿದರೆ ಹರಳು ಜಾರಿ, ಕೆಳಗಿನ ಸೂಕ್ಷ್ಮ ಕೂದಲಿನ ಕೋಶಗಳು ಬಾಗುತ್ತವೆ. ನಾವು ಅಲುಗಾಡದೆ ಕೂತಿದ್ದರೂ ಇಲ್ಲಿನ ನರಗಳು ಸುಮ್ನೆ ಇರುವುದಿಲ್ಲ. ಕೋತಿಗಳಲ್ಲಿ ಅಳೆದಾಗ ಒಂದೊಂದು ನರತಂತು ಸೆಕೆಂಡಿಗೆ ಸುಮಾರು 90 ಮಿಡಿತ ಕಳಿಸುತ್ತಲೇ ಇರುತ್ತದೆ. ಎರಡೂ ಕಡೆಯಿಂದ ಸಮನಾಗಿ ಬಂದರೆ ಮಿದುಳು ತಲೆ ನೆಟ್ಟಗಿದೆ ಅಂದುಕೊಳ್ಳುತ್ತದೆ. ಬಂಡಿಗೆ ಹೂಡಿದ ಜೋಡೆತ್ತಿನ ಹಾಗೆ. ಎಡದ ಎತ್ತು ಸೋತರೆ ಬಂಡಿ ಎಡಕ್ಕೇ ತಿರುಗುತ್ತದೆ, ಅಲ್ವಾ? ಮೇಸ್ತ್ರಿಯವರು ಎಡಕ್ಕೆ ಬೀಳುತ್ತಿದ್ದದ್ದು ಅದಕ್ಕೇ.

ಕಣ್ಣಿನ ಗುಡ್ಡೆಗಳೂ ಈ ಸುದ್ದಿಯನ್ನೇ ನಂಬುತ್ತವೆ. ಎಡ ಕಡೆ ಸೋತಾಗ ಎರಡೂ ಗುಡ್ಡೆಗಳು ತಮ್ಮ ಜಾಗದಲ್ಲೇ, ಮೇಲಿನ ತುದಿ ಎಡಕ್ಕೆ ಬರುವಂತೆ, ಕೊಂಚ ಉರುಳುತ್ತವೆ. ಕನ್ನಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ನಿಜವಾಗಿ ನೆಟ್ಟಗಿರುವ ಗೆರೆ ಬಲಕ್ಕೆ ವಾಲಿದಂತೆ ಕಾಣುತ್ತದೆ. ಎಡಕ್ಕೆ ವಾಲಿದ ಗೆರೆ ನೆಟ್ಟಗೆ ಕಾಣುತ್ತದೆ.

ಹಾಗಿದ್ದರೆ ಮೇಸ್ತ್ರಿಯವರ ಮನೆಯ ಬಾಗಿಲು, ಕಪಾಟು ಯಾಕೆ ಓರೆಯಾಗಿ ಕಾಣಲಿಲ್ಲ? ಇದನ್ನು ಅವರೇ ಕೇಳಿದರು. ಬೆಳಕಿರುವ ಕೋಣೆಯಲ್ಲಿ ನೇರ ಅಂಚುಗಳು ತುಂಬಾ ಇವೆ. ಬಾಗಿಲಿನ ಚೌಕಟ್ಟು, ಗೋಡೆಯ ಮೂಲೆ, ಮೇಜಿನ ಕಾಲು. ಕಣ್ಣು ಇವುಗಳನ್ನು ಆಧಾರ ಮಾಡಿಕೊಂಡು ಕಿವಿಯ ತಪ್ಪನ್ನು ತಿದ್ದಿಕೊಳ್ಳುತ್ತದೆ. ಚೌಕಟ್ಟಿನ ಈ ಬಲವನ್ನು ಅಮೆರಿಕದಲ್ಲಿ ವಿಟ್ಕಿನ್ ಮತ್ತು ಆಶ್ 1948ರಲ್ಲೇ ತೋರಿಸಿದ್ದರು. ಚೌಕಟ್ಟನ್ನು ಓರೆ ಮಾಡಿದರೆ ಅದರೊಳಗಿನ ಕೋಲನ್ನು ನೆಟ್ಟಗೆ ನಿಲ್ಲಿಸುವವರೂ ಆ ಕಡೆಗೇ ತಪ್ಪುತ್ತಾರೆ. ಈಗ ತಾರಸಿಗೆ ಬನ್ನಿ. ಗೋಡೆಯ ಹಿಂದೆ ಬರೀ ಆಕಾಶ. ಕಾಲಡಿಯ ನೆಲಕ್ಕೋ ಮಳೆನೀರು ಹೋಗಲು ವಾಟ ಕೊಟ್ಟಿರುತ್ತಾರೆ, ಅದೂ ಮಟ್ಟವಲ್ಲ. ಆಧಾರ ಮಾಡಿಕೊಳ್ಳಲು ಒಂದು ನಂಬಿಕಸ್ತ ಅಂಚೂ ಇಲ್ಲ. ಅಲ್ಲಿ ಕಿವಿಯ ತಪ್ಪು ಪೂರ್ತಿಯಾಗಿ ಬಯಲಾಯಿತು.

ಕರೆಂಟ್ ಕೊಟ್ಟಾಗ

ಇದೆಲ್ಲ ಬಾಯಿಮಾತಿನ ವಿವರಣೆ. ಕಣ್ಣಾರೆ ತೋರಿಸುವ ದಾರಿ ಒಂದಿದೆ. ಕಿವಿಯ ಹಿಂದಿನ ಉಬ್ಬು ಮೂಳೆಯ ಮೇಲೆ ಎರಡೂ ಕಡೆ ಎಲೆಕ್ಟ್ರೋಡ್ ಅಂಟಿಸಿ ತೀರಾ ಸಣ್ಣ ಕರೆಂಟ್ ಹರಿಸುವುದು. ಇದಕ್ಕೆ ಗ್ಯಾಲ್ವನಿಕ್ ವೆಸ್ಟಿಬ್ಯುಲರ್ ಪ್ರಚೋದನೆ ಅಂತ ಹೆಸರು.

ವಿಷಯ ಹಳೆಯದು. ಬ್ಯಾಟರಿ ಕಂಡುಹಿಡಿದ ವೋಲ್ಟಾ ತಮ್ಮ ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟುಕೊಂಡು ಬ್ಯಾಟರಿ ಜೋಡಿಸಿದ್ದರು. ತಲೆಯೊಳಗೆ ಏಟು ಬಿದ್ದಂತಾಯಿತು, ಏನೋ ಕುದಿಯುವ ಸದ್ದು ಕೇಳಿಸಿತು ಅಂತ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದರು. ಕರೆಂಟ್ ಹರಿದಾಗ ತಲೆ ಸುತ್ತುತ್ತದೆ ಅಂತ ಸ್ವಲ್ಪ ವರ್ಷಗಳ ನಂತರ ಪುರ್ಕಿನ್ಯೆ ದಾಖಲಿಸಿದರು. ಆಗ ಕಣ್ಣುಗುಡ್ಡೆಯೂ ಚಲಿಸುತ್ತದೆ ಅಂತ 1871ರಲ್ಲಿ ಹಿಟ್ಜಿಗ್ ವಿವರಿಸಿದರು.

ನಿಯಮ ಸರಳ. ಕ್ಯಾಥೋಡ್, ಅಂದರೆ ಋಣ ತುದಿ, ಇರುವ ಕಡೆ ನರದ ಮಿಡಿತ ಹೆಚ್ಚುತ್ತದೆ. ಅನೋಡ್, ಅಂದರೆ ಧನ ತುದಿ, ಇರುವ ಕಡೆ ಇಳಿಯುತ್ತದೆ. ಹರಳು ಜಾರಬೇಕಿಲ್ಲ, ತಲೆ ಅಲುಗಬೇಕಿಲ್ಲ. ಕರೆಂಟ್ ನೇರವಾಗಿ ನರದ ಮೇಲೆಯೇ ಕೆಲಸ ಮಾಡುತ್ತದೆ. ಹಾಗಾಗಿ ಎಡಗಡೆ ಅನೋಡ್ ಇಟ್ಟರೆ ಆರೋಗ್ಯವಂತರಿಗೂ ಆ ಹೊತ್ತಿನ ಮಟ್ಟಿಗೆ ಎಡ ಕಿವಿ ಸೋತಂತಾಗುತ್ತದೆ.

ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇತ್ತು. ಮೊದಲು ಕೂತವರು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿ, ಸ್ವಇಚ್ಛೆಯಿಂದ. ಕರೆಂಟ್ 1.5 ಮಿಲಿಆಂಪಿಯರ್. ಯಾವ ಕಡೆ ಯಾವ ತುದಿ ಅಂತ ಅವರಿಗೆ ಹೇಳಿರಲಿಲ್ಲ. ಚರ್ಮ ಜುಮುಜುಮು ಅಂದಿತು. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಂತಾಗ ಮೈ ಅನೋಡಿನ ಕಡೆಗೆ ವಾಲಿತು. ಆಮೇಲೆ ಬಕೆಟ್ಟಿಗೆ ಮುಖ ಕೊಟ್ಟರು. ಅನೋಡ್ ಎಡಕ್ಕಿದ್ದಾಗ ಅವರು ನೆಟ್ಟಗಿದೆ ಅಂದ ಗೆರೆ ಎಡಕ್ಕೆ ವಾಲಿತ್ತು, ಬಲಕ್ಕಿದ್ದಾಗ ಬಲಕ್ಕೆ. ಎರಡು ಡಿಗ್ರಿಯ ಆಸುಪಾಸು. ಬಕೆಟ್ ತೆಗೆದು ಕೋಣೆ ನೋಡಿ ಅಂದಾಗ ಮಾತ್ರ ಓರೆ ಏನೂ ಕಾಣುತ್ತಿಲ್ಲ ಅಂದರು. ಚೌಕಟ್ಟು ತಿದ್ದಿತ್ತು.

ಮೇಸ್ತ್ರಿಯವರು ಇದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದರು. ಚೆನ್ನಾಗಿರುವ ಹುಡುಗಿಯೊಬ್ಬಳಿಗೆ ತನ್ನ ಹಾಗೇ ಗೆರೆ ತಪ್ಪಿದ್ದು ಅವರಿಗೆ ದೊಡ್ಡ ವಿಷಯವಾಯಿತು. ತಮಗೂ ಕೊಡಿ ಅಂದರು. ಎಪಿಲೆಪ್ಸಿ, ಹೃದಯದ ಪೇಸ್‌ಮೇಕರ್, ತಲೆಯೊಳಗೆ ಲೋಹದ ಸಾಧನ, ಚರ್ಮದ ಗಾಯ ಯಾವುದೂ ಇಲ್ಲ ಅಂತ ನೋಡಿಕೊಂಡು ಒಪ್ಪಿಗೆ ಪತ್ರ ಓದಿ ಹೇಳಿದೆವು.

ಅವರಿಗೆ ಅನೋಡನ್ನು ಬಲಕ್ಕೆ ಇಟ್ಟೆವು. ಅಂದರೆ ಚೆನ್ನಾಗಿರುವ ಬಲಗಡೆಯ ಮಿಡಿತವನ್ನು ಇಳಿಸಿ ಎಡದ ಮಟ್ಟಕ್ಕೆ ಹತ್ತಿರ ತರುವುದು. ಕತ್ತಲೆ ಕೋಣೆಯಲ್ಲಿ ಗುಂಡಿಗೆ ಸರಿಯಾಗಿ ನಿಲ್ಲಿಸಿದ ಒಂದು ಬೆಳಕಿನ ಗೆರೆ. ಕರೆಂಟ್ ಇಲ್ಲದಾಗ ಬಲಕ್ಕೆ ವಾಲಿದೆ ಅಂದರು. ಕರೆಂಟ್ ಏರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ ನೆಟ್ಟಗಾತು ನೋಡ್ರಿ, ಪೂರ್ತಿ ಅಲ್ಲ, ಆದ್ರೂ ಆತು" ಅಂದರು. ಕರೆಂಟ್ ಇಳಿಸಿದಾಗ ಗೆರೆ ಮತ್ತೆ ಬಲಕ್ಕೆ ಹೋಯಿತು. ಬಕೆಟ್ಟಿನಲ್ಲಿ ನೋಡಿದಾಗಲೂ ಕರೆಂಟ್ ಇದ್ದಷ್ಟು ಹೊತ್ತು ಎಡದ ಓರೆ ಎರಡು ಡಿಗ್ರಿಯ ಹತ್ತಿರಕ್ಕೆ ಇಳಿದಿತ್ತು.

"ಹಂಗಾರೆ ನನ್ ಕಣ್ಣು ಸರಿ ಐತಿ ಅನ್ರಿ."

ಹೌದು ಅಂದೆ. ಆ ಒಂದು ಮಾತಿಗಾಗಿ ಎಷ್ಟು ದುಡ್ಡು, ಎಷ್ಟು ದಿನದ ಕೂಲಿ ಕಳೆದುಕೊಂಡಿದ್ದರು! ಕರೆಂಟ್ ಅವರ ಕಾಯಿಲೆಗೆ ಮದ್ದಲ್ಲ. ಇದು ಒಬ್ಬರ ಮೇಲೆ ಒಂದು ಹೊತ್ತು ಕಂಡದ್ದು. ಇದರ ಬೆಲೆ ಬೇರೆ. ತನಗೆ ಕಾಣುವ ಓರೆ ಕಲ್ಪನೆಯಲ್ಲ, ಅದಕ್ಕೊಂದು ಜಾಗವಿದೆ, ಕಾರಣವಿದೆ ಅಂತ ಅವರಿಗೆ ಗೊತ್ತಾಯಿತು. ಓದುವವರಲ್ಲಿ ಒಂದು ಕಳಕಳಿಯ ಮಾತು: ಮನೆಯಲ್ಲಿ ಬ್ಯಾಟರಿ, ತಂತಿ ಹಿಡಿದು ಇದನ್ನು ದಯವಿಟ್ಟು ಮಾಡಬೇಡಿ. ನಾವು ಬಳಸುವ ಯಂತ್ರ ಕರೆಂಟನ್ನು ಮಿತಿಯೊಳಗೆ ಕಟ್ಟಿಹಾಕುತ್ತದೆ. ಬರೀ ಬ್ಯಾಟರಿಗೆ ಆ ಕಡಿವಾಣ ಇಲ್ಲ. ಚರ್ಮ ಸುಡುತ್ತದೆ, ಬಿದ್ದು ಪೆಟ್ಟಾಗುತ್ತದೆ.

ತಪ್ಪು ಕಣ್ಣಲ್ಲಿದೆಯೋ, ಮಿದುಳಿನ ಲೆಕ್ಕದಲ್ಲಿದೆಯೋ?

ನನ್ನನ್ನು ಜಾಸ್ತಿ ಕಾಡುವುದು ಈ ಪ್ರಶ್ನೆ. ಗುಡ್ಡೆ ಉರುಳಿದ್ದರಿಂದಷ್ಟೇ ಗೆರೆ ಓರೆಯಾಯಿತೇ? ಹಾಗಾದರೆ ಕಣ್ಣು ಮುಚ್ಚಿ ಕೈಯಿಂದ ಕೋಲು ನಿಲ್ಲಿಸಿದರೆ ಅದು ನೆಟ್ಟಗೇ ಬರಬೇಕು. ಫ್ರಾನ್ಸಿನಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರಿಗೆ ಈ ಕರೆಂಟ್ ಕೊಟ್ಟಾಗ, ನೋಡದೆ ಕೈಯಿಂದ ನಿಲ್ಲಿಸಿದ ಕೋಲೂ ಅನೋಡಿನ ಕಡೆಗೇ ವಾಲಿತು. ಅಂದರೆ ಕರೆಂಟ್ ಮುಟ್ಟಿದ್ದು ಕಣ್ಣನ್ನು ಮಾತ್ರ ಅಲ್ಲ, ಮೇಲೆ ಕೆಳಗೆ ಯಾವುದು ಅನ್ನುವ ಮಿದುಳಿನ ಲೆಕ್ಕವನ್ನೂ.

ಒಳಕಿವಿಯ ಕಾಯಿಲೆಯವರ ಕಥೆ ಸ್ವಲ್ಪ ಬೇರೆ. ಗೆರೆ ಓರೆಯಾಗಿ ಕಂಡರೂ, ಕಣ್ಣು ಕಟ್ಟಿ ವಾಲುವ ಕುರ್ಚಿಯಲ್ಲಿ ಕೂರಿಸಿದರೆ ತಮ್ಮ ಮೈ ನೆಟ್ಟಗಾದದ್ದನ್ನು ಸರಿಯಾಗಿಯೇ ಹೇಳುತ್ತಾರೆ ಅಂತ 1990ರ ದಶಕದಲ್ಲಿ ತೋರಿಸಿದ್ದಾರೆ. ಸೊಂಟ, ಬೆನ್ನು, ಕಾಲಿನ ಒತ್ತಡ ಅವರಿಗೆ ದಾರಿ ತೋರಿಸುತ್ತದೆ. ನಾವು ಮೇಸ್ತ್ರಿಯವರ ಕಣ್ಣು ಕಟ್ಟಿ ಒಂದು ಕೋಲು ಕೊಟ್ಟೆವು. ಹೆಚ್ಚುಕಡಿಮೆ ನೆಟ್ಟಗೇ ನಿಲ್ಲಿಸಿದರು. ಕಣ್ಣು ಬಿಚ್ಚಿ ಅದನ್ನೇ ನೋಡಿ, ಬಲಕ್ಕೈತಲ್ಲ ಅಂದರು! ಕೈ ಸರಿ ಹೇಳಿದ್ದನ್ನು ಕಣ್ಣು ತಪ್ಪು ಅಂದ ಆ ಗಳಿಗೆ, ನಾನು ವರ್ಷಗಟ್ಟಲೆ ಪಾಠ ಮಾಡಿದ್ದಕ್ಕಿಂತ ಜಾಸ್ತಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಿತು.

ಗಾಳಿಯಂತ್ರದ ದಾರಿ

ಇನ್ನೊಂದು ತೊಂದರೆಯನ್ನು ಅವರು ಕೊನೆಗೆ ಹೇಳಿದರು, ಅದೂ ಹೆಂಡತಿ ನೆನಪಿಸಿದ ಮೇಲೆ. ಹೆಂಡತಿಯ ತವರು ಚಿತ್ರದುರ್ಗದ ಕಡೆ. ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಿಟಕಿಯಿಂದ ನೋಡಿದರೆ ಹೊಟ್ಟೆ ತೊಳಸುತ್ತದೆ, ಬಸ್ಸೇ ಉರುಳಿದಂತಾಗುತ್ತದೆ.

ಇದೂ ಅದೇ ಕಥೆಯ ಇನ್ನೊಂದು ಮಗ್ಗುಲು. ಕಣ್ಣೆದುರು ದೊಡ್ಡ ತಟ್ಟೆಯೊಂದು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ ಆರೋಗ್ಯವಂತರಿಗೂ ನೆಟ್ಟಗಿನ ಅಂದಾಜು ಆ ತಿರುಗುವ ಕಡೆಗೆ ಸರಿಯುತ್ತದೆ. ಡಿಷ್‌ಗಾನ್ಸ್ ಮತ್ತು ಸಂಗಡಿಗರು 1972ರಲ್ಲೇ ಇದನ್ನು ಅಳೆದಿದ್ದರು. ಕಿವಿ ಗಟ್ಟಿಯಾಗಿದ್ದರೆ ಅದು ಕಣ್ಣನ್ನು ತಡೆದು ಹಿಡಿಯುತ್ತದೆ. ಕಿವಿ ಸೋತವರು ಕಣ್ಣನ್ನೇ ಜಾಸ್ತಿ ನಂಬಲು ಶುರು ಮಾಡುತ್ತಾರೆ. ಆಗ ತಿರುಗುವುದೆಲ್ಲ ಅವರನ್ನು ತಿರುಗಿಸುತ್ತದೆ. ಸಂತೆಯ ಜನಜಂಗುಳಿ, ಎದುರು ಬರುವ ಲಾರಿಗಳ ಸಾಲು ಎಲ್ಲವೂ ಕಷ್ಟವಾಗುತ್ತದೆ.

ಎರಡೂ ಕಿವಿಯ ಸಮತೋಲ ಹೋದರೆ ಕಣ್ಣಿನ ಪಾಡು ಏನಾಗುತ್ತದೆ ಅನ್ನುವುದಕ್ಕೆ 1952ರಲ್ಲಿ ಅಮೆರಿಕದ ವೈದ್ಯರೊಬ್ಬರು ಬರೆದ ಸ್ವಂತ ಅನುಭವ ಇದೆ. ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಅವರ ಎರಡೂ ಒಳಕಿವಿ ಕೆಟ್ಟಿದ್ದವು. ಹಾಸಿಗೆಯಲ್ಲಿ ಓದುವಾಗ ನಾಡಿ ಬಡಿತಕ್ಕೆ ತಲೆ ಅದುರಿದರೂ ಅಕ್ಷರ ಕುಣಿಯುತ್ತಿದ್ದವಂತೆ. ತಲೆಯನ್ನು ಮಂಚದ ಸರಳುಗಳಿಗೆ ಆನಿಸಿ ಹಿಡಿದು ಓದುತ್ತಿದ್ದರು.

ಮಾಡಿದ್ದು, ಆದದ್ದು

ಮೊದಲು ತಲೆಸುತ್ತಿನ ಮಾತ್ರೆ ನಿಲ್ಲಿಸಿದೆವು. ಮೊದಲ ಕೆಲವು ದಿನ, ವಾಂತಿ ಇರುವಾಗ, ಅದು ಬೇಕು. ವಾರಗಟ್ಟಲೆ ನುಂಗಿದರೆ ಮಿದುಳು ಹೊಸ ಲೆಕ್ಕ ಕಲಿಯುವುದೇ ನಿಧಾನವಾಗುತ್ತದೆ. ಕತ್ತಿನ ಪಟ್ಟಿಯನ್ನೂ ತೆಗೆಸಿದೆವು. ತಲೆ ಅಲುಗಾಡಿಸದೆ ಇಟ್ಟರೆ ಮಿದುಳಿಗೆ ಕಲಿಯಲು ಏನು ಸಿಗುತ್ತದೆ?

ಆಮೇಲೆ ವ್ಯಾಯಾಮ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಶುರು ಮಾಡಿದ ದಾರಿ, ಈಗ ಬಹಳ ಸುಧಾರಿಸಿದೆ. ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದರಿಂದ ಕಣ್ಣು ತೆಗೆಯದೆ ತಲೆಯನ್ನು ಎಡಬಲ ಆಡಿಸುವುದು. ಅಕ್ಷರ ಮಸುಕಾಗುವಷ್ಟು ಜೋರು ಬೇಡ, ಮಸುಕಾಗುವ ಅಂಚಿನವರೆಗೆ ಬೇಕು. ದಿನಕ್ಕೆ ಹಲವು ಸಲ, ಒಂದೊಂದು ನಿಮಿಷ. ತಲೆ ತಿರುಗಿಸುತ್ತಾ ನಡೆಯುವುದು, ಮೆತ್ತನೆ ಹಾಸಿಗೆಯ ಮೇಲೆ ನಿಲ್ಲುವುದು ಆಮೇಲಿನದು. ಗಾಳಿಯಂತ್ರಕ್ಕೆ, ತಿರುಗುವ ಚಿತ್ರಗಳನ್ನು ಮೊಬೈಲಿನಲ್ಲಿ ಸ್ವಲ್ಪ ಸ್ವಲ್ಪವೇ ನೋಡಿಸಿ ಅಭ್ಯಾಸ ಮಾಡಿಸಿದೆವು. ಮೊದಲ ವಾರ ತಲೆಸುತ್ತು ಹೆಚ್ಚೇ ಆಯಿತು. ಹೀಗಾಗುತ್ತದೆ ಅಂತ ಮುಂಚೆಯೇ ಹೇಳಿದ್ದರಿಂದ ಬಿಡಲಿಲ್ಲ.

ಎರಡೂವರೆ ತಿಂಗಳ ನಂತರ ಬಕೆಟ್ಟಿನಲ್ಲಿ ಓರೆ ಎರಡು ಡಿಗ್ರಿಯೊಳಗೆ ಬಂದಿತ್ತು. ತಲೆಯನ್ನು ಎಡಕ್ಕೆ ಚಕ್ಕನೆ ತಿರುಗಿಸಿದರೆ ಕಣ್ಣು ಈಗಲೂ ತಪ್ಪಿ ಜಿಗಿಯುತ್ತದೆ. ನರ ಪೂರ್ತಿ ಚೇತರಿಸಿಕೊಂಡಿಲ್ಲ, ಮಿದುಳು ಹೊಂದಿಕೊಂಡಿದೆ. ನೆಲಮಟ್ಟದ ಕೆಲಸಕ್ಕೆ ಹೋಗುತ್ತಿದ್ದಾರೆ. ಎರಡು ವರಸೆಗೊಮ್ಮೆ ಗುಂಡು ಬಿಡುತ್ತಾರೆ. ರಾತ್ರಿ ಬೆಳಕಿಲ್ಲದ ದಾರಿಯಲ್ಲಿ, ಹಳ್ಳದಿಣ್ಣೆ ಇದ್ದರೆ, ಇನ್ನೂ ತೂರಾಡುತ್ತಾರೆ. ಅದಕ್ಕೆ ಟಾರ್ಚ್ ಇಟ್ಟುಕೊಳ್ಳಲು, ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಹಾಕಿಡಲು ಮನೆಯವರಿಗೆ ಹೇಳಿದ್ದೇವೆ. ಸಾರವೆ ಹತ್ತುವುದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಮುಂದಿನ ಸಲ ಬಂದಾಗ ಕಣ್ಣು ಮುಚ್ಚಿ ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ ನೋಡಿ ಆಮೇಲೆ ತೀರ್ಮಾನ ಮಾಡುತ್ತೇವೆ.